ಹಳೆ ಬೈಕಿಗೆ ಮುಂದಿನ ಟೈರ್: ಆರಿಸುವುದರಿಂದ ಹಿಡಿದು ಗಾಳಿ ತುಂಬುವವರೆಗೆ

ಹಳೆ ಬೈಕಿನ ಮುಂದಿನ ಟೈರ್ ಸವೆದು ಹಾಳಾಗುವುದು ಅಪರೂಪ. ಹಿಂದಿನದು ಎಂಜಿನ್ನಿನ ಎಳೆತಕ್ಕೆ ಸಿಕ್ಕಿ ಬೇಗ ಬೋಳಾಗುತ್ತದೆ. ಬೋಳಾದದ್ದು ಕಣ್ಣಿಗೆ ಬೀಳುತ್ತದೆ, ಬದಲಾಯಿಸುತ್ತೇವೆ. ಮುಂದಿನದರ ಕಥೆ ಬೇರೆ. ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆ ಒಂದು ಸುತ್ತು, ಆಗೊಮ್ಮೆ ಈಗೊಮ್ಮೆ ಗಾಂಧಿ ಬಜಾರಿಗೆ ಕಾಫಿಗೆ, ಉಳಿದ ದಿನವೆಲ್ಲ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಲ್ಲುವ ಬುಲೆಟ್ಟೋ ಯೆಜ್ಡಿಯೋ ಆದರೆ, ಹತ್ತು ವರ್ಷ ಕಳೆದರೂ ಮುಂದಿನ ಟೈರಿನ ಗೆರೆಗಳು ಹೊಸದರ ಹಾಗೇ ಇರುತ್ತವೆ. ರಬ್ಬರು ಮಾತ್ರ ಅಷ್ಟರಲ್ಲಿ ಒಣಗಿ ಬಿಗಿದಿರುತ್ತದೆ. ಅದು ಗೊತ್ತಾಗುವುದು ಏಪ್ರಿಲ್-ಮೇ ತಿಂಗಳ ಮೊದಲ ಮಳೆಯಲ್ಲಿ. ತಿಂಗಳುಗಟ್ಟಲೆ ಕೂತ ಧೂಳು, ವಾಹನಗಳ ಎಣ್ಣೆ, ಮರದಡಿ ಉದುರಿದ ಗುಲ್‌ಮೊಹರ್ ಹೂವು ಎಲ್ಲ ಸೇರಿ ಪಾಚಿಯಾದ ರಸ್ತೆಯಲ್ಲಿ ಮುಂದಿನ ಬ್ರೇಕ್ ಹಿಡಿದಾಗ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದು ಅವಕಾಶವಾದರೂ ಇರುತ್ತದೆ. ಮುಂದಿನದು ಜಾರಿದರೆ ಅದೂ ಇಲ್ಲ.

ಹಾಗಾಗಿ ಟೈರ್ ಆರಿಸುವ ವಿಷಯದಲ್ಲಿ ನನ್ನದು ಒಂದೇ ಹಟ: ಕಂಪನಿ, ನೋಟ, ಬೆಲೆ ಎಲ್ಲಕ್ಕಿಂತ ಮೊದಲು ಅಳತೆ ಮತ್ತು ತಾರೀಖು ನೋಡಬೇಕು.

ಈಗಿರುವ ಟೈರಿನ ವಯಸ್ಸು

ಟೈರಿನ ಪಕ್ಕೆಯ ಮೇಲೆ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆ ನೋಡಿ. ಮೂರೇ ಅಂಕಿ ಕಂಡರೆ ಅದು 2000ನೇ ಇಸವಿಗೂ ಹಿಂದಿನ ಟೈರ್, ಮುಂದೆ ಯೋಚಿಸುವುದಕ್ಕೇ ಹೋಗಬೇಡಿ. ಬೈಕಿನ ಜೊತೆ ಬಂದ ಮೂಲ ಟೈರ್ ಎಂಬ ವ್ಯಾಮೋಹವಿದ್ದರೆ ಪ್ರದರ್ಶನಕ್ಕೆ ಇಟ್ಟುಕೊಳ್ಳಿ, ರಸ್ತೆಗೆ ಬೇಡ.

ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ಟೈರನ್ನು ಬೆಳಕಿನಲ್ಲಿ ತಿರುಗಿಸಿ ನೋಡಬೇಕು. ಗೆರೆಗಳ ಬುಡದಲ್ಲಿ, ಪಕ್ಕೆಯ ಮೇಲೆ ಕೂದಲೆಳೆಯ ಬಿರುಕುಗಳಿವೆಯೇ? ಉಗುರು ಒತ್ತಿದರೆ ಗುರುತು ಮೂಡಿ ಮಾಯವಾಗಬೇಕು. ಉಗುರೇ ಜಾರಿದರೆ ರಬ್ಬರು ಸತ್ತಿದೆ. ತಿಂಗಳುಗಟ್ಟಲೆ ಓಡದೆ ನಿಂತ ಬೈಕಿನ ಟೈರಿನಲ್ಲಿ ಒಂದು ಜಾಗ ಚಪ್ಪಟೆಯಾಗಿದ್ದರೆ ನಿಧಾನ ವೇಗದಲ್ಲಿ ಹ್ಯಾಂಡಲ್ ಲಯಬದ್ಧವಾಗಿ ಕುಟ್ಟುತ್ತದೆ. ಅದನ್ನು ಬೇರಿಂಗ್ ದೋಷವೆಂದು ತಿಳಿದು ಹಬ್ ಬಿಚ್ಚಿಸಿದವರಿದ್ದಾರೆ.

ಅಳತೆ

ಹಳೆ ಬೈಕುಗಳ ಅಳತೆ ಇಂಚಿನಲ್ಲಿರುತ್ತದೆ. 3.25-19 ಅಂದರೆ ಸುಮಾರು ಮೂರೂಕಾಲು ಇಂಚು ಅಗಲ, 19 ಇಂಚಿನ ರಿಮ್. ಹಳೆ ಬುಲೆಟ್ 350ಕ್ಕೆ ಹಿಂದೆ ಮುಂದೆ ಎರಡೂ ಇದೇ ಅಳತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ 250 ಮತ್ತು ಅದೇ ಮೈಕಟ್ಟಿನ ಯೆಜ್ಡಿಗಳಿಗೆ 3.25-16. ಯಮಹಾ ಆರ್‌ಎಕ್ಸ್ 100ಕ್ಕೆ ಮುಂದೆ 2.50-18, ಹಿಂದೆ 2.75-18.

ಈ ಪಟ್ಟಿಯಲ್ಲೇ ಎರಡು ಎಡವಟ್ಟುಗಳಿವೆ. ಬುಲೆಟ್ಟಿಗೆ ಎರಡೂ ಒಂದೇ ಅಳತೆಯಾದ್ದರಿಂದ ಅರ್ಧ ಸವೆದ ಹಿಂದಿನ ಟೈರನ್ನು ಮುಂದಕ್ಕೆ ಹಾಕಿ, ಹೊಸದನ್ನು ಹಿಂದಕ್ಕೆ ಹಾಕುವ ಉಳಿತಾಯ ಬುದ್ಧಿ ನಮ್ಮಲ್ಲಿ ಹಳೆಯದು. ಹಿಂದೆ ಓಡಿ ನಡುಭಾಗ ಚಪ್ಪಟೆಯಾದ ಟೈರ್ ಮುಂದೆ ಬಂದರೆ ತಿರುವಿನಲ್ಲಿ ಬೈಕು ಒಮ್ಮೆಲೇ ವಾಲುತ್ತದೆ. ಆರ್‌ಎಕ್ಸ್‌ನವರ ಕಷ್ಟ ಇನ್ನೊಂದು. ಸ್ಪ್ಲೆಂಡರ್ ಥರದ ಬೈಕುಗಳಿಂದಾಗಿ 2.75-18 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, 2.50-18 ಕೇಳಿದರೆ “ಇದೇ ಹಾಕ್ಕೊಳ್ಳಿ ಸಾರ್, ಎಲ್ರೂ ಇದೇ ಹಾಕೋದು” ಎನ್ನುತ್ತಾರೆ. ಕೂರುವುದೇನೋ ಕೂರುತ್ತದೆ. ಆದರೆ ಆ ಬೈಕಿನ ಸೊಗಸೇ ಹ್ಯಾಂಡಲ್ ಹಗುರವಾಗಿ ತಿರುಗುವುದು. ಅದನ್ನು ಬಿಟ್ಟುಕೊಡುವುದಕ್ಕಿಂತ ಹೇಳಿ ತರಿಸಿಕೊಳ್ಳುವುದು ವಾಸಿ.

ಬೈಕಿನ ಪುಸ್ತಕದಲ್ಲಿರುವ ಅಳತೆಯನ್ನು ನಂಬುವ ಮೊದಲು ರಿಮ್ಮನ್ನೇ ಓದಿ. ಮೂವತ್ತು ನಲವತ್ತು ವರ್ಷದಲ್ಲಿ ಯಾವ ಮಾಲೀಕ ಯಾವ ರಿಮ್ ಕಟ್ಟಿಸಿದ್ದಾನೋ ಹೇಳಲಾಗದು. ರಿಮ್ಮಿನ ಮೇಲೆ ಡಬ್ಲ್ಯುಎಂ2-19 ಎಂಬಂತೆ ಒತ್ತಿರುತ್ತಾರೆ. ಡಬ್ಲ್ಯುಎಂ1 ಅಂದರೆ ಒಳ ಅಗಲ 1.60 ಇಂಚು, ಡಬ್ಲ್ಯುಎಂ2 ಅಂದರೆ 1.85, ಡಬ್ಲ್ಯುಎಂ3 ಅಂದರೆ 2.15. ಮೂರೂಕಾಲು ಇಂಚಿನ ಟೈರಿಗೆ ಡಬ್ಲ್ಯುಎಂ2 ಹೇಳಿ ಮಾಡಿಸಿದ್ದು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಹಾಕಿದರೆ ಪಕ್ಕೆಗಳು ಒಳಕ್ಕೆ ಹಿಂಡಿಕೊಂಡು ಟೈರಿನ ಮೈ ಚೂಪಾಗುತ್ತದೆ.

ಇಂಚಿನ ಟೈರ್ ಸಿಗದೆ ಮಿಲಿಮೀಟರಿನ ಅಳತೆಗೆ ಹೋಗಬೇಕಾದರೆ ಲೆಕ್ಕ ಹೀಗೆ: 90/90-19 ಅಂದರೆ 90 ಮಿ.ಮೀ. ಅಗಲ, ಎತ್ತರ ಅಗಲದ ಶೇಕಡಾ 90, ಅಂದರೆ 81 ಮಿ.ಮೀ. ಎರಡೂ ಬದಿಯ ಎತ್ತರ ಸೇರಿ 162, ಅದಕ್ಕೆ 19 ಇಂಚಿನ ರಿಮ್ಮಿನ 482.6 ಸೇರಿಸಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 645 ಮಿ.ಮೀ. ಹಳೆ ಟೈರಿನ ವ್ಯಾಸ ಅಳೆದು ಹೋಲಿಸಿ. ಮುಂದಿನ ಚಕ್ರದಿಂದಲೇ ಸ್ಪೀಡೋಮೀಟರ್ ಓಡುವ ಬೈಕಾದರೆ ವ್ಯಾಸ ಬದಲಾದಷ್ಟೂ ಮುಳ್ಳು ಸುಳ್ಳು ಹೇಳುತ್ತದೆ. 3.25ರ ಜಾಗಕ್ಕೆ 90/90 ಅಥವಾ 100/90 ಹಾಕುವುದು ರೂಢಿ. ನನ್ನ ಒಲವು 90ರ ಕಡೆಗೆ. 100 ಹಾಕುವುದಾದರೆ ಮೊದಲು ಮಡ್‌ಗಾರ್ಡಿನ ಒಳಗೂ ಅದರ ಕಂಬಿಗಳ ಬಳಿಯೂ ಎಷ್ಟು ಜಾಗವಿದೆ ಎಂದು ಬೆರಳು ತೂರಿಸಿ ನೋಡಿ. ಮಳೆಗಾಲದಲ್ಲಿ ಕೆಸರು ಮೆತ್ತಿಕೊಳ್ಳುವುದಕ್ಕೂ ಸ್ವಲ್ಪ ಜಾಗ ಬೇಕು.

ಅಳತೆಯ ಪಕ್ಕದಲ್ಲಿರುವ ಅಂಕಿ-ಅಕ್ಷರವನ್ನೂ ಓದಿ. 54 ಅಂದರೆ ಆ ಟೈರ್ 212 ಕೆ.ಜಿ. ಹೊರುತ್ತದೆ, 50 ಅಂದರೆ 190 ಕೆ.ಜಿ. ಅಕ್ಷರ ‘ಪಿ’ ಇದ್ದರೆ ಗಂಟೆಗೆ 150 ಕಿ.ಮೀ. ತನಕ, ‘ಎಲ್’ 120, ‘ಜೆ’ 100. ನಮ್ಮ ಹಳೆ ಗಾಡಿಗಳಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಆಗದಿದ್ದರೆ ಸಾಕು.

ಮುಂದಕ್ಕೆ ಎಂಥ ಗೆರೆ?

ಹಳೆ ಬೈಕಿನ ಮುಂದಿನ ಟೈರೆಂದರೆ ಕಣ್ಣಿಗೆ ಕಟ್ಟುವುದು ಸುತ್ತಲೂ ಓಡುವ ಉದ್ದ ಗೆರೆಗಳ ಟೈರ್, ಅಂಗಡಿಯವರ ಬಾಯಲ್ಲಿ ರಿಬ್ ಟೈರ್. ನೇರ ದಾರಿಯಲ್ಲಿ ಅದು ಬೈಕನ್ನು ದಾರಕ್ಕೆ ಕಟ್ಟಿದಂತೆ ನೇರವಾಗಿ ಒಯ್ಯುತ್ತದೆ, ಹ್ಯಾಂಡಲ್ ಹಗುರ, ನೋಟವೂ ಕಾಲಕ್ಕೆ ತಕ್ಕದ್ದು. ಆದರೆ ರಸ್ತೆಯಲ್ಲಿ ಉದ್ದಕ್ಕೆ ಸೀಳು ಕಂಡಲ್ಲೆಲ್ಲ ಅದರ ಬೆನ್ನು ಹತ್ತುವ ಚಾಳಿಯೂ ಅದಕ್ಕಿದೆ. ಬೆಂಗಳೂರಿನಲ್ಲಿ ಅಂಥ ಸೀಳಿಗೇನು ಬರ? ವೈಟ್‌ಟಾಪಿಂಗ್ ಕಾಂಕ್ರೀಟು ಮುಗಿದು ಡಾಂಬರು ಶುರುವಾಗುವ ಅಂಚು, ಕೇಬಲ್ಲಿಗೋ ಪೈಪಿಗೋ ಅಗೆದು ಅರೆಬರೆ ಮುಚ್ಚಿದ ಉದ್ದ ಗುಂಡಿ, ಮೆಟ್ರೊ ಕಾಮಗಾರಿಯ ಬದಿ. ಇಂಥ ಅಂಚನ್ನು ಓರೆಯಾಗಿ, ಕೊಂಚ ಹೆಚ್ಚು ಕೋನದಲ್ಲಿ ದಾಟುವ ಅಭ್ಯಾಸವಿದ್ದವರಿಗೆ ರಿಬ್ ಟೈರ್ ತೊಂದರೆಯಲ್ಲ. ದಿನವೂ ಸಿಲ್ಕ್ ಬೋರ್ಡ್ ಕಡೆ ಓಡಾಡುವ ಗಾಡಿಯಾದರೆ, ಉದ್ದ ಗೆರೆಯ ಜೊತೆ ಅಡ್ಡ ಸೀಳುಗಳೂ ಇರುವ ಟೈರ್ ಒಳ್ಳೆಯದು. ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅಂಚಿನ ಬೆನ್ನು ಹತ್ತುವುದಿಲ್ಲ. ಗಟ್ಟಿ ಗುಬಟುಗಳಿರುವ ಕಾಡುದಾರಿಯ ಟೈರನ್ನು ನೋಟಕ್ಕೆಂದು ಹಾಕುವವರಿಗೆ ನನ್ನ ಬೆಂಬಲವಿಲ್ಲ, ಒದ್ದೆ ಡಾಂಬರಿನಲ್ಲಿ ಅದು ನೆಲ ಮುಟ್ಟುವುದೇ ಕಡಿಮೆ.

ಹಿಂದೆ ಮಾಮೂಲಿ ನೈಲಾನ್ ಟೈರ್ ಇದ್ದು ಮುಂದೆ ರೇಡಿಯಲ್ (ಒಳನೂಲನ್ನು ಬೇರೆ ರೀತಿ ಹಾಸಿದ ಟೈರ್) ಹಾಕಬೇಡಿ. ಎರಡೂ ಒಂದೇ ಜಾತಿಯವಾಗಿರಲಿ.

ಅಂಗಡಿಯಲ್ಲಿ

ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹೋದರೆ ಬಿಡಿಭಾಗದ ಅಂಗಡಿಗಳಿಗೆ ಕೊರತೆಯಿಲ್ಲ. ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್ ಇವುಗಳಲ್ಲಿ ಯಾವುದು ಹಾಕಬೇಕೆಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಹೋಗುವ ಮೊದಲು ಫೋನ್ ಮಾಡಿ, ಇಂಥ ಅಳತೆ ಇದೆಯೇ, ತಾರೀಖು ಯಾವುದು ಎಂದು ಕೇಳಿ. 19 ಇಂಚಿನದು ಸಲೀಸಾಗಿ ಸಿಗುತ್ತದೆ. 16 ಇಂಚಿನದನ್ನು ಕೇಳುವವರು ಕಡಿಮೆಯಾದ್ದರಿಂದ ಅಂಗಡಿಯ ಅಟ್ಟದಲ್ಲೇ ಮುದಿಯಾದ ಸರಕು ಕೈಗೆ ಬರುವ ಅಪಾಯ ಹೆಚ್ಚು. “ಸೀಲ್ ಪ್ಯಾಕ್ ಸಾರ್” ಎಂದರೂ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿಸಿ ಅಂಕಿ ನೋಡಿ. ಒಂದು ವರ್ಷದೊಳಗಿನದಾದರೆ ಖುಷಿಯಾಗಿ ತನ್ನಿ, ಎರಡು ದಾಟಿದ್ದರೆ ನಾನಂತೂ ಬಿಟ್ಟು ಬರುತ್ತೇನೆ. ಐಎಸ್‌ಐ ಮುದ್ರೆ ಇರಬೇಕು. ಟೈರನ್ನು ಮಡಚಿಯೋ ಹಿಂಡಿಯೋ ಕಟ್ಟಿಟ್ಟಿದ್ದರೆ ಅಂಚಿನ ತಂತಿ ಬಳುಕಿರಬಹುದು, ತೆಗೆದುಕೊಳ್ಳಬೇಡಿ.

ಜೊತೆಗೆ ಹೊಸ ಟ್ಯೂಬು, ಹೊಸ ರಿಮ್ ಟೇಪು (ಟ್ಯೂಬಿಗೂ ರಿಮ್ಮಿಗೂ ನಡುವೆ ಹಾಸುವ ಪಟ್ಟಿ). ಹಳೆ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಸುಕ್ಕಾಗಿ ಕೂತು ಆ ಸುಕ್ಕಿನಲ್ಲೇ ಹರಿಯುತ್ತದೆ. ಟೈರಿನ ಮೇಲೆ ಟ್ಯೂಬ್‌ಲೆಸ್ ಎಂದು ಬರೆದಿದ್ದರೂ ಕಡ್ಡಿ (ಸ್ಪೋಕ್) ರಿಮ್ಮಿಗೆ ಟ್ಯೂಬು ಬೇಕೇ ಬೇಕು, ಕಡ್ಡಿಯ ನಿಪ್ಪಲ್ ತೂತುಗಳಿಂದ ಗಾಳಿ ನಿಲ್ಲುವುದಿಲ್ಲ. ಅಂಥ ಟೈರಿನ ಒಳಮೈಗೆ ಕಾಗದದ ಚೀಟಿ ಅಂಟಿಸಿದ್ದರೆ ಕಿತ್ತು ಹಾಕಿ, ಅದು ಟ್ಯೂಬನ್ನು ಉಜ್ಜುತ್ತದೆ.

ಚಕ್ರ ಬಿಚ್ಚುವುದು

ಮನೆಯಲ್ಲೇ ಮಾಡುವುದಾದರೆ ಬೇಕಾದದ್ದು ಇಷ್ಟು: ಅಂಚು ಮೊಂಡಾದ ಮೂರು ಟೈರ್ ಲಿವರ್, ವಾಲ್ವಿನ ಪಿನ್ ತೆಗೆಯುವ ಚಾವಿ, ಸರಿಯಾದ ಪಾನಾಗಳು, ಸೋಪು ನೀರು, ಟಾಲ್ಕಂ ಪೌಡರ್, ಗಾಳಿಯ ಪಂಪು, ನಂಬಬಹುದಾದ ಗೇಜು. ಸ್ಕ್ರೂಡ್ರೈವರ್ ದೂರವಿಡಿ. ಪಂಚರ್ ಅಂಗಡಿಯಲ್ಲಿ ಮಾಡಿಸುವುದಾದರೂ ಮುಂದಿನದನ್ನು ಓದಿಕೊಂಡು ಪಕ್ಕದಲ್ಲಿ ನಿಲ್ಲಿ.

ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಹಿಂದಿನ ಚಕ್ರಕ್ಕೆ ಇಟ್ಟಿಗೆ ಒರಗಿಸಿ. ಬಿಚ್ಚುವ ಮೊದಲು ಎರಡೂ ಬದಿಯಿಂದ ಫೋಟೊ ತೆಗೆದುಕೊಳ್ಳಿ, ಯಾವ ವಾಷರ್ ಎಲ್ಲಿತ್ತು ಎಂಬ ವಾದ ಆಮೇಲೆ ಬರುವುದಿಲ್ಲ. ಬ್ರೇಕ್ ಕೇಬಲ್ ಸಡಿಲಿಸಿ ತೆಗೆಯಿರಿ, ಚಕ್ರಕ್ಕೆ ಸ್ಪೀಡೋ ಕೇಬಲ್ ಬರುತ್ತಿದ್ದರೆ ಅದನ್ನೂ. ಬುಲೆಟ್ಟಿನಲ್ಲಿ ಫೋರ್ಕಿನ ತುದಿಗೆ ಎರಡೆರಡು ನಟ್ಟಿನ ಮುಚ್ಚಳಗಳು ಆಕ್ಸಲನ್ನು ಹಿಡಿದಿರುತ್ತವೆ. ಎಡ-ಬಲ, ಹಿಂದೆ-ಮುಂದೆ ಅದಲುಬದಲಾಗದಂತೆ ಗುರುತು ಹಾಕಿಕೊಳ್ಳಿ. ಆಕ್ಸಲನ್ನು ಎಳೆದು ತೆಗೆಯುವ ಬೈಕುಗಳಲ್ಲಿ ಅದನ್ನು ಬಿಗಿಹಿಡಿದ ಬೋಲ್ಟನ್ನು ಮೊದಲು ಸಡಿಲಿಸಬೇಕು, ಸುತ್ತಿಗೆಯ ಕೆಲಸ ಬೇಡ.

ಬ್ರೇಕ್ ಪ್ಲೇಟ್ ಹೊರತೆಗೆದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿ. ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಳೆ ಟೈರ್ ಕಳಚುವುದು

ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ, ವಾಲ್ವಿನ ನಟ್ಟು ಬಿಚ್ಚಿ. ಈಗ ಟೈರಿನ ಅಂಚನ್ನು, ಅಂದರೆ ಬೀಡನ್ನು, ರಿಮ್ಮಿನ ಗೋಡೆಯಿಂದ ಬಿಡಿಸಬೇಕು. ವರ್ಷಗಟ್ಟಲೆ ಕೂತದ್ದು ತುಕ್ಕಿನ ಜೊತೆ ಅಂಟಿಕೊಂಡಿರುತ್ತದೆ. ಸೋಪು ನೀರು ಬಿಟ್ಟು, ರಿಮ್ಮಿನಡಿ ಹಳೆ ಗೋಣಿಚೀಲ ಹಾಸಿ, ಹಿಮ್ಮಡಿಯಿಂದ ಸುತ್ತಲೂ ತುಳಿಯಿರಿ. ಆಮೇಲೆ ಬರುವುದು ಇಡೀ ಕೆಲಸದ ಗುಟ್ಟು.

ರಿಮ್ಮಿನ ನಡುವೆ ಒಂದು ಹಳ್ಳವಿದೆ. ಬೀಡಿನೊಳಗೆ ಉಕ್ಕಿನ ತಂತಿಯಿದ್ದು ಅದು ಹಿಗ್ಗುವುದಿಲ್ಲ. ಒಂದು ಬದಿಯ ಬೀಡು ಹಳ್ಳಕ್ಕೆ ಇಳಿದರೆ ಮಾತ್ರ ಎದುರು ಬದಿಯಲ್ಲಿ ರಿಮ್ ದಾಟುವಷ್ಟು ಸಡಿಲ ಸಿಗುತ್ತದೆ. ವಾಲ್ವ್ ಇರುವ ಜಾಗದಲ್ಲಿ ಲಿವರ್ ಹಾಕಿ, ಅದರ ನೇರ ಎದುರಿನ ಬದಿಯನ್ನು ಮೊಣಕಾಲಿನಿಂದ ಹಳ್ಳಕ್ಕೆ ಒತ್ತಿ ಹಿಡಿಯಿರಿ. ಲಿವರುಗಳ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಅಂತರ ಬೇಡ. ಬಲ ಹಾಕಬೇಕಾಗಿ ಬಂದರೆ ಎದುರು ಬದಿ ಹಳ್ಳದಿಂದ ಮೇಲೆದ್ದಿದೆ ಎಂದೇ ಅರ್ಥ, ನಿಲ್ಲಿಸಿ ಮತ್ತೆ ಒತ್ತಿ. ಬಲಪ್ರಯೋಗದಲ್ಲಿ ಕ್ರೋಮ್ ಕಿತ್ತುಹೋಗುತ್ತದೆ, ಬೀಡಿನ ತಂತಿ ಮುರಿಯುತ್ತದೆ. ಒಂದು ಬದಿ ಬಂದ ಮೇಲೆ ಟ್ಯೂಬು ಎಳೆದುಕೊಂಡು ಇನ್ನೊಂದು ಬದಿಯನ್ನೂ ಅದೇ ಕಡೆಯಿಂದ ತೆಗೆಯಿರಿ.

ಟೈರಿಲ್ಲದ ರಿಮ್ ನೋಡಲು ಸಿಗುವುದು ಅಪರೂಪ, ಈ ಹೊತ್ತನ್ನು ಬಳಸಿಕೊಳ್ಳಿ. ಕಡ್ಡಿಗಳನ್ನು ಪಾನಾದಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಎಲ್ಲವೂ ಹತ್ತಿರ ಹತ್ತಿರ ಒಂದೇ ಸ್ವರದಲ್ಲಿ ನುಡಿಯಬೇಕು, ‘ಡಬ್’ ಎಂದದ್ದು ಸಡಿಲವಾಗಿದೆ. ನಿಪ್ಪಲ್ಲಿನಿಂದ ಒಳಕ್ಕೆ ಚಾಚಿದ ಕಡ್ಡಿಯ ತುದಿಯಿದ್ದರೆ ಅರದಿಂದ ಉಜ್ಜಿ ಸಮ ಮಾಡಿ. ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು ಬಣ್ಣ ಹೊಡೆದು ಪೂರ್ತಿ ಒಣಗಲು ಬಿಡಿ. ಗುಂಡಿಗೆ ಬಿದ್ದು ರಿಮ್ಮಿನ ಅಂಚು ನೆಗ್ಗಿದ್ದರೆ ಕಡ್ಡಿ ಕಟ್ಟುವವರ ಹತ್ತಿರ ಈಗಲೇ ಒಯ್ಯಿರಿ. ಬೇರಿಂಗುಗಳಿಗೆ ಬೆರಳು ಹಾಕಿ ತಿರುಗಿಸಿ, ಗರಗರ ಎಂದರೆ ಅವೂ ಹೊಸದಾಗಲಿ.

ಹೊಸದನ್ನು ಕೂರಿಸುವುದು

ಟೈರನ್ನು ಅರ್ಧ ಗಂಟೆ ತಾರಸಿಯ ಬಿಸಿಲಿನಲ್ಲಿಡಿ. ಮೆತ್ತಗಾದ ಟೈರ್ ಅರ್ಧ ಶ್ರಮ ಉಳಿಸುತ್ತದೆ. ರಿಮ್ ಟೇಪಿನ ತೂತು ವಾಲ್ವಿನ ತೂತಿಗೆ ಸರಿಯಾಗಿ ಕೂರಲಿ.

ಇನ್ನು ಬಾಣದ ಗುರುತು. ಕೆಲವು ಟೈರುಗಳ ಪಕ್ಕೆಯ ಮೇಲೆ ಎರಡು ಬಾಣಗಳಿರುತ್ತವೆ, ಒಂದು ಮುಂದಿನ ಚಕ್ರಕ್ಕೆ, ಇನ್ನೊಂದು ಹಿಂದಿನದಕ್ಕೆ, ಎರಡೂ ವಿರುದ್ಧ ದಿಕ್ಕಿಗೆ. ಅಚ್ಚಿನ ತಪ್ಪಲ್ಲ. ಹಿಂದಿನ ಟೈರಿನ ಮೇಲೆ ಹೆಚ್ಚು ಬಲ ಬೀಳುವುದು ಎಂಜಿನ್ ಎಳೆಯುವಾಗ, ಮುಂದಿನದರ ಮೇಲೆ ಬ್ರೇಕ್ ಹಿಡಿದಾಗ. ಎರಡು ಬಲಗಳೂ ಎದುರುಬದುರು ದಿಕ್ಕಿನವು. ಟೈರಿನ ಮೈ ಸುತ್ತಿದ ರಬ್ಬರಿನ ಬೆಸುಗೆಯೂ ಆ ಬಲಕ್ಕೆ ತಕ್ಕ ಹಾಗೆ ಇರಬೇಕು. ಹಾಗಾಗಿ ಎರಡೂ ಕಡೆ ಹಾಕಬಹುದಾದ ಟೈರಾದರೆ ಮುಂದಿನ ಚಕ್ರದ ಬಾಣವನ್ನೇ ಹುಡುಕಿ, ಅದು ಚಕ್ರ ಉರುಳುವ ದಿಕ್ಕಿಗಿರಲಿ. ಹಬ್ಬಿನ ಬ್ರೇಕ್ ಬದಿ ಯಾವುದು ಎಂದು ನೋಡಿಕೊಂಡೇ ರಿಮ್ಮನ್ನು ನೆಲಕ್ಕಿಡಿ.

ಟೈರಿನ ಮೇಲೆ ಬಣ್ಣದ ಚುಕ್ಕಿಯಿದ್ದರೆ ಸಾಮಾನ್ಯವಾಗಿ ಅದು ಟೈರಿನ ಹಗುರ ಜಾಗ. ಟ್ಯೂಬಿನ ವಾಲ್ವ್ ಭಾರದ ಜಾಗ. ಎರಡನ್ನೂ ಒಂದೆಡೆ ತನ್ನಿ.

ಬೀಡುಗಳಿಗೆ ಸೋಪು ನೀರು ಹಚ್ಚಿ. ಗ್ರೀಸು, ಎಂಜಿನ್ ಆಯಿಲ್, ಪೆಟ್ರೋಲು ಯಾವುದೂ ಬೇಡ. ರಬ್ಬರನ್ನು ತಿನ್ನುತ್ತವೆ, ಜಾರುತ್ತಲೇ ಉಳಿಯುತ್ತವೆ. ಮೊದಲ ಬೀಡು ಕೈಯ ಒತ್ತಡಕ್ಕೇ ಇಳಿಯುತ್ತದೆ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಸೇರಿಸಿ. ವಾಲ್ವ್ ಹೊರತಂದು ನಟ್ಟನ್ನು ಎರಡು ಸುತ್ತು ಮಾತ್ರ ಹಾಕಿ ಬಿಡಿ.

ಎರಡನೇ ಬೀಡನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ, ಎರಡೂ ಕಡೆ ಸಮವಾಗಿ ಬರುತ್ತ ವಾಲ್ವಿನ ಬಳಿ ಮುಗಿಸಿ. ತಿರುಗುಮುರುಗು ಮಾಡಿದರೆ ಕೊನೆಯ ಗೇಣಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಏಕೆಂದರೆ ವಾಲ್ವಿನ ಬುಡವೇ ಹಳ್ಳದಲ್ಲಿ ಕೂತು ಬೀಡು ಇಳಿಯಲು ಬಿಡುವುದಿಲ್ಲ. ಹೊಸ ಟ್ಯೂಬುಗಳು ಹೆಚ್ಚಾಗಿ ತೂತಾಗುವುದು ಈ ಕೊನೆಯ ಗೇಣಿನಲ್ಲೇ. ಮೊಣಕಾಲಿನಿಂದ ಎದುರು ಬದಿ ಹಳ್ಳದಲ್ಲೇ ಇರುವಂತೆ ನೋಡಿಕೊಂಡು, ಉಳಿದದ್ದನ್ನು ಆದಷ್ಟು ಅಂಗೈಯಿಂದಲೇ ತಳ್ಳಿ. ಲಿವರ್ ಬೇಕೇ ಬೇಕಾದರೆ ಅದರ ತುದಿ ರಿಮ್ಮಿನ ಅಂಚು ದಾಟಿ ಒಳಕ್ಕೆ ಹೋಗದಿರಲಿ. ಬೀಡು ದಾಟಿದ ಕೂಡಲೇ ವಾಲ್ವನ್ನು ಒಳಕ್ಕೆ ತಳ್ಳಿ ಬಿಡಿ, ಅಡಿಯಲ್ಲಿ ಟ್ಯೂಬು ಸಿಕ್ಕಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ.

ಗಾಳಿ

ಪಿನ್ ಇಲ್ಲದೆ ಒಮ್ಮೆ ಗಾಳಿ ತುಂಬಿ, ಪೂರ್ತಿ ಹೋಗಲು ಬಿಡಿ. ಟ್ಯೂಬಿನ ಸುಕ್ಕು ಬಿಡಿಸಿಕೊಳ್ಳುತ್ತದೆ. ಆಮೇಲೆ ಪಿನ್ ಹಾಕಿ, ಟೈರಿನ ಪಕ್ಕೆಯ ಮೇಲೆ ಬರೆದ ಗರಿಷ್ಠ ಒತ್ತಡ ದಾಟದಂತೆ ತುಂಬುತ್ತ ಹೋಗಿ. ಬೀಡು ‘ಟಪ್’ ಎಂದು ಕೂರುತ್ತದೆ. ರಿಮ್ಮಿನ ಪಕ್ಕ ಟೈರಿನ ಮೈಯಲ್ಲಿ ಸಣ್ಣ ಗೆರೆಯೊಂದು ಸುತ್ತಲೂ ಓಡುತ್ತದೆ. ಅದು ರಿಮ್ಮಿನಿಂದ ಎಲ್ಲ ಕಡೆಯೂ ಒಂದೇ ದೂರದಲ್ಲಿರಬೇಕು, ಎರಡೂ ಬದಿಯಲ್ಲಿ. ಒಂದು ಕಡೆ ಒಳಕ್ಕೆ ಮುಳುಗಿದ್ದರೆ ಗಾಳಿ ಬಿಟ್ಟು, ಆ ಜಾಗಕ್ಕೆ ಸೋಪು ನೀರು ಹಚ್ಚಿ ಮತ್ತೆ ತುಂಬಿ. ಹೀಗೇ ಬಿಟ್ಟರೆ ನೀವು ಎಷ್ಟು ಬ್ಯಾಲೆನ್ಸ್ ಮಾಡಿದರೂ ಹ್ಯಾಂಡಲ್ ಕುಣಿಯುತ್ತದೆ.

ಕೊನೆಗೆ ಓಡಿಸುವ ಒತ್ತಡಕ್ಕೆ ಇಳಿಸಿ. ಹಳೆ ಬುಲೆಟ್ಟಿಗೆ ಮುಂದೆ ಒಬ್ಬರೇ ಇದ್ದರೆ 18 ಪಿಎಸ್‌ಐ, ಇಬ್ಬರಾದರೆ 20. ಪೆಟ್ರೋಲ್ ಬಂಕಿನ ಹುಡುಗನಿಗೆ ಇದು ಹೇಳಿದರೆ ನಿಮ್ಮ ಮುಖ ನೋಡಿ ನಗುತ್ತಾನೆ, 30 ತುಂಬಿ ಕಳಿಸುತ್ತಾನೆ. ಹಾಗೆ ತುಂಬಿಸಿಕೊಂಡ ಬೈಕು ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ, ಪ್ರತಿ ಹಂಪು ಮಣಿಕಟ್ಟಿಗೆ ಬಡಿಯುತ್ತದೆ. ನಿಮ್ಮ ಬೈಕಿನ ಪುಸ್ತಕದ ಅಂಕಿಯನ್ನೇ ಹಿಡಿಯಿರಿ, ಟೈರ್ ತಣ್ಣಗಿದ್ದಾಗ ಮನೆಯಲ್ಲೇ ಅಳೆಯಿರಿ.

ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ತಂದು ಮುಚ್ಚಳದ ಅಡಿಗೆ ಬಿಗಿಯಿರಿ. ಬ್ರೇಕಿನ ಬಲಕ್ಕೆ ಟೈರು ಟ್ಯೂಬನ್ನೂ ಎಳೆದುಕೊಂಡು ರಿಮ್ಮಿನ ಮೇಲೆ ಕೊಂಚ ಸರಿಯುವುದುಂಟು. ನಟ್ಟು ರಿಮ್ಮಿಗೆ ಕಚ್ಚಿದ್ದರೆ ವಾಲ್ವಿನ ಬುಡವೇ ಕಿತ್ತುಬರುತ್ತದೆ. ಸಡಿಲವಿದ್ದರೆ ವಾಲ್ವ್ ಓರೆಯಾಗಿ ನಿಂತು ಮೊದಲೇ ಸುಳಿವು ಕೊಡುತ್ತದೆ.

ಬ್ಯಾಲೆನ್ಸ್ ನೋಡಲು ಬ್ರೇಕ್ ಪ್ಲೇಟ್ ಇಲ್ಲದೆ ಆಕ್ಸಲ್ ತೂರಿಸಿ ಎರಡು ಸ್ಟೂಲುಗಳ ನಡುವೆ ಚಕ್ರ ತೂಗುಹಾಕಿ, ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿಸಲ ಒಂದೇ ಜಾಗ ಕೆಳಗೆ ಬಂದು ನಿಂತರೆ ಅದರ ಎದುರಿನ ಕಡ್ಡಿಗೆ ತೂಕ ಕಟ್ಟಿ.

ಮತ್ತೆ ಫೋರ್ಕಿಗೆ

ಇಲ್ಲಿ ಒಂದನ್ನು ಮಾತ್ರ ಎರಡು ಸಲ ನೋಡಬೇಕು: ಬ್ರೇಕ್ ಪ್ಲೇಟ್ ತಿರುಗದಂತೆ ಫೋರ್ಕಿಗೆ ಹಿಡಿದುಕೊಳ್ಳುವ ಕಚ್ಚು ಅಥವಾ ತೋಳು ತನ್ನ ಜಾಗದಲ್ಲಿ ಕೂತಿದೆಯೇ? ಕೂರದಿದ್ದರೆ ಬ್ರೇಕ್ ಹಿಡಿದ ಕ್ಷಣ ಪ್ಲೇಟು ಚಕ್ರದ ಜೊತೆಗೇ ತಿರುಗಿ, ಕೇಬಲ್ ಸುತ್ತಿಕೊಂಡು, ಚಕ್ರ ಅಲ್ಲೇ ನಿಲ್ಲುತ್ತದೆ. ಮಿಕ್ಕದ್ದೆಲ್ಲ ಇದರ ಮುಂದೆ ಸಣ್ಣದು.

ಎಲ್ಲವನ್ನೂ ಸಡಿಲವಾಗಿ ಜೋಡಿಸಿ. ಚಕ್ರ ತಿರುಗಿಸಿ ಬ್ರೇಕ್ ಹಿಡಿದುಕೊಂಡೇ ಆಕ್ಸಲ್ ನಟ್ಟು ಬಿಗಿದರೆ ಶೂಗಳು ಡ್ರಮ್ಮಿನ ನಡುವೆ ಕೂರುತ್ತವೆ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕಾರು ಸಲ ಜಗ್ಗಿ. ಫೋರ್ಕಿನ ಎರಡೂ ಕಾಲುಗಳು ತಮ್ಮ ಸಹಜ ಜಾಗಕ್ಕೆ ಬಂದ ಮೇಲೆ ಮುಚ್ಚಳದ ನಟ್ಟುಗಳನ್ನೋ ಬಿಗಿಹಿಡಿಯುವ ಬೋಲ್ಟನ್ನೋ ಕೊನೆಗೆ ಬಿಗಿಯಿರಿ. ಬುಲೆಟ್ಟಿನ ಮುಚ್ಚಳಗಳಲ್ಲಿ ಹಿಂದೆ-ಮುಂದೆ ಒಂದೇ ಅಳತೆಯ ಸಂದು ಕಾಣಬೇಕು.

ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ 150–200 ಕಿ.ಮೀ. ತಿರುವಿನಲ್ಲಿ ವಾಲಿಸಬೇಡಿ, ಬ್ರೇಕ್ ಮೃದುವಾಗಿರಲಿ, ಮಳೆ ಬಂದರೆ ಎಲ್ಲಾದರೂ ನಿಂತು ಒಂದು ಕಾಫಿ ಕುಡಿಯಿರಿ. ಮೊದಲ ಸವಾರಿ ಮುಗಿದ ಮೇಲೆ ಆಕ್ಸಲ್ ನಟ್ಟು, ಕಡ್ಡಿಗಳ ಬಿಗಿ, ಗಾಳಿ ಮೂರನ್ನೂ ನೋಡಿ. ಗಾಳಿ ಇಳಿದಿದ್ದರೆ ವಾಲ್ವಿನ ಬಾಯಿಗೆ ಸೋಪಿನ ನೊರೆ ಹಚ್ಚಿ ಮೊದಲು ಪಿನ್ನನ್ನು ಅನುಮಾನಿಸಿ, ಟ್ಯೂಬನ್ನು ಆಮೇಲೆ.

ಕಳಚಿದ ಹಳೆ ಟೈರನ್ನು ತಾರಸಿಯ ಮೂಲೆಗೆ ಎಸೆಯಬೇಡಿ, ಮಳೆನೀರು ನಿಂತು ಡೆಂಗಿ ಸೊಳ್ಳೆಗಳಿಗೆ ಮನೆಯಾಗುತ್ತದೆ. ಪಂಚರ್ ಅಂಗಡಿಗೋ ಗುಜರಿಗೋ ಹಾಗೇ ಕೊಟ್ಟರೆ ಗೆರೆ ಚೆನ್ನಾಗಿದೆಯೆಂದು ಇನ್ನೊಬ್ಬರ ಗಾಡಿಗೆ ಏರುತ್ತದೆ. ಕೊಡುವ ಮೊದಲು ಪಕ್ಕೆಯನ್ನು ಚಾಕುವಿನಿಂದ ಎರಡು ಕಡೆ ಸೀಳಿ ಕೊಡಿ.